ಮನೆಯಲ್ಲೇ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ರಿಪೇರಿ: ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ನಲ್ಲಿ ಒಂದು ಪ್ಯಾಡ್ ಸದ್ದು ಮಾಡದಿದ್ದರೆ ಸಾಕು, ಮಾಡ್ಯೂಲ್ (ಸದ್ದು ಹೊರಡಿಸುವ ಮುಖ್ಯ ಪೆಟ್ಟಿಗೆ) ಹೋಯ್ತು ಎಂದು ಗಾಬರಿಯಾಗುವವರೇ ಜಾಸ್ತಿ. ಕಿಟ್ ಮೂಲೆ ಸೇರುತ್ತದೆ, ಇಲ್ಲವೇ ಸಿಕ್ಕಿದ ಬೆಲೆಗೆ ಮಾರಾಟವಾಗುತ್ತದೆ. ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕೆಂದರೆ ಇಂಥ ಕಿಟ್‌ನಲ್ಲಿ ಮೊದಲು ಕೆಡುವುದು ಹೆಚ್ಚಾಗಿ ಅಗ್ಗದ ಭಾಗಗಳೇ: ಕೇಬಲ್, ಜ್ಯಾಕ್, ಪೀಜೋ (ಪೆಟ್ಟನ್ನು ಗ್ರಹಿಸುವ ಬಿಲ್ಲೆ), ಫೋಮ್, ಅಡಾಪ್ಟರ್. ದಿನಾ ಪೆಟ್ಟು ತಿನ್ನುವುದು, ಎಳೆದಾಟಕ್ಕೆ ಸಿಗುವುದು ಇವೇ. ಮಾಡ್ಯೂಲ್ ತನ್ನ ಪಾಡಿಗೆ ತಾನು ಸುಮ್ನೆ ಕೂತಿರುತ್ತದೆ.

ಹಾಗಾಗಿ ಇಲ್ಲಿ ಮುಖ್ಯವಾದ ಕೆಲಸ ಬೆಸುಗೆ ಹಾಕುವುದಲ್ಲ, ಹುಡುಕುವುದು. ಕೋಲಿನ ಪೆಟ್ಟು ಕಿವಿಗೆ ಬರುವ ದಾರಿಯಲ್ಲಿ ಎಲ್ಲಿ ನಿಂತಿದೆ ಎಂದು ಗೊತ್ತಾದರೆ ರಿಪೇರಿ ಅರ್ಧ ಮುಗಿದಂತೆ. ಮೆಶ್ (ಬಲೆಯಂಥ ಬಟ್ಟೆ) ಅಥವಾ ರಬ್ಬರ್ ಪ್ಯಾಡ್ ಇರುವ, ಮನೆಯಲ್ಲಿ ಅಭ್ಯಾಸಕ್ಕೆ ಬಳಸುವ ಸಾಮಾನ್ಯ ಕಿಟ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಂಪನಿ ಯಾವುದಾದರೂ ಒಳಗಿನ ಲೆಕ್ಕಾಚಾರ ಹೆಚ್ಚು ಕಮ್ಮಿ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಿಟ್ ಇನ್ನೂ ವಾರಂಟಿಯಲ್ಲಿದ್ದರೆ ಏನನ್ನೂ ಬಿಚ್ಚಬೇಡಿ. ಹೊರಗಿನಿಂದ ಮಾಡುವ ಪರೀಕ್ಷೆಗಳನ್ನಷ್ಟೇ ಮಾಡಿ, ಯಾವ ಭಾಗ ಕೆಟ್ಟಿದೆ ಎಂದು ಗುರುತಿಸಿ ಅಂಗಡಿಗೆ ತಿಳಿಸಿ.

ಸದ್ದು ಹುಟ್ಟುವ ದಾರಿ

ಪ್ಯಾಡ್‌ನ ಒಳಗೆ ಪೀಜೋ ಎಂಬ ತೆಳ್ಳಗಿನ ಬಿಲ್ಲೆ ಇರುತ್ತದೆ. ಕೆಳಗೆ ಹಿತ್ತಾಳೆಯ ತಗಡು, ಅದರ ಮೇಲೆ ಬಿಳಿ ಸೆರಾಮಿಕ್ ಪದರ, ಅದರ ಮೇಲೆ ತೀರಾ ತೆಳುವಾದ ಬೆಳ್ಳಿಯ ಲೇಪ. ಸಾಮಾನ್ಯವಾಗಿ 27 ಅಥವಾ 35 ಮಿಲಿಮೀಟರ್ ಅಗಲ. ಪೆಟ್ಟು ಬಿದ್ದಾಗ ಬಿಲ್ಲೆ ಚೂರು ಬಾಗುತ್ತದೆ, ಬಾಗಿದಾಗ ವಿದ್ಯುತ್ ಹುಟ್ಟುತ್ತದೆ. ಜೋರಾಗಿ ಹೊಡೆದರೆ ಕೆಲವು ವೋಲ್ಟ್‌ವರೆಗೂ ಹೋಗುತ್ತದೆ. ಈ ಮಿಡಿತ ಕೇಬಲ್ ಮೂಲಕ ಮಾಡ್ಯೂಲ್‌ಗೆ ಹೋಗುತ್ತದೆ. ಮಾಡ್ಯೂಲ್ ಅದರ ಎತ್ತರ ಅಳೆದು, 1ರಿಂದ 127ರವರೆಗಿನ ಒಂದು ಸಂಖ್ಯೆಯಾಗಿ ಮಾಡಿ, ಅದಕ್ಕೆ ತಕ್ಕ ಸದ್ದನ್ನು ಹೊರಗೆ ಬಿಡುತ್ತದೆ.

ಸ್ನೇರ್ ಮತ್ತು ಸಿಂಬಲ್‌ಗಳಲ್ಲಿ ಎರಡು ವಲಯ ಇರುವುದುಂಟು. ನಡುವೆ ಹೊಡೆದರೆ ಒಂದು ಸದ್ದು, ಅಂಚಿಗೆ ಹೊಡೆದರೆ ಇನ್ನೊಂದು. ಅಂಚಿನಲ್ಲಿ ಕೆಲವು ಪ್ಯಾಡ್‌ಗಳಿಗೆ ಇನ್ನೊಂದು ಪೀಜೋ ಇರುತ್ತದೆ, ಕೆಲವಕ್ಕೆ ಒತ್ತಿದರೆ ಮುಚ್ಚಿಕೊಳ್ಳುವ ತೆಳ್ಳಗಿನ ಸ್ವಿಚ್ ಇರುತ್ತದೆ. ಅದಕ್ಕೇ ಕೇಬಲ್ ಸ್ಟೀರಿಯೊ ಆಗಿರಬೇಕು. ಪಿನ್ನಿನ ತುದಿ ನಡುವಿನ ಪೀಜೋಗೆ, ಮಧ್ಯದ ಉಂಗುರ ಅಂಚಿಗೆ, ಬುಡ ಅರ್ತ್‌ಗೆ. ಈ ಮೂರನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಬೇಕಾಗುವ ಸಾಮಾನು

ಬೀಪ್ ಸದ್ದು ಬರುವ ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಕೆಲಸ ಸಾಗದು. ದುಬಾರಿಯದ್ದೇ ಆಗಬೇಕಿಲ್ಲ. 25 ವಾಟ್‌ನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ತಂತಿ, ಸ್ವಲ್ಪ ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವ ಪದಾರ್ಥ), ಸ್ಟಾರ್ ಸ್ಕ್ರೂಡ್ರೈವರ್, ಡ್ರಮ್ ಕೀ (ಡ್ರಮ್ ಬೋಲ್ಟು ತಿರುಗಿಸುವ ಚಾವಿ), ಎರಡೂ ಕಡೆ ಅಂಟುವ ಫೋಮ್ ಟೇಪ್, ಹೀಟ್ ಶ್ರಿಂಕ್ ಟ್ಯೂಬ್ (ಕಾವಿಗೆ ಕುಗ್ಗಿ ವೈರಿಗೆ ಬಿಗಿಯುವ ಕೊಳವೆ), ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಇಷ್ಟು ಸಾಕು. ತುಕ್ಕು ಬಿಡಿಸಲು ಬಳಸುವ ಎಣ್ಣೆ ಸ್ಪ್ರೇಗಳನ್ನು ಜ್ಯಾಕ್‌ಗೆ ಹೊಡೆಯಬೇಡಿ. ಎಣ್ಣೆ ಒಳಗೇ ಉಳಿದು ಧೂಳು ಹಿಡಿಯುತ್ತದೆ.

ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಪೀಜೋ ಕೇಳುವಾಗ ಅಳತೆ ಹೇಳಿ, ವೈರ್ ಮೊದಲೇ ಹಚ್ಚಿರುವುದನ್ನೇ ಕೇಳಿ. ಬೇಕಾದ್ದಕ್ಕಿಂತ ನಾಲ್ಕಾರು ಜಾಸ್ತಿಯೇ ತನ್ನಿ. ಬಿಡಿ ಬಿಲ್ಲೆ ಅಗ್ಗ, ಬೆಸುಗೆ ಹಾಕುವಾಗ ಒಂದೆರಡು ಹಾಳಾದರೂ ಕೆಲಸ ನಿಲ್ಲುವುದಿಲ್ಲ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು.

ಏನೇ ಬಿಚ್ಚುವ ಮೊದಲೂ ಫೋನ್‌ನಲ್ಲಿ ಫೋಟೊ ತೆಗೆಯಿರಿ. ಯಾವ ಬಣ್ಣದ ವೈರ್ ಎಲ್ಲಿತ್ತು, ಯಾವ ವಾಷರ್ ಮೇಲಿತ್ತು ಎಂಬುದು ಎರಡು ಗಂಟೆ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಡೀ ಕಿಟ್ ಸದ್ದಿಲ್ಲದೆ ಕೂತಿದ್ದರೆ

ಎಲ್ಲ ಪ್ಯಾಡ್‌ಗಳೂ ಒಟ್ಟಿಗೆ ಕೆಡುವುದಿಲ್ಲ. ಏನೂ ಕೇಳುತ್ತಿಲ್ಲ ಎಂದರೆ ಕರೆಂಟ್, ಸೆಟ್ಟಿಂಗ್, ಹೆಡ್‌ಫೋನ್ ಈ ಮೂರರಲ್ಲಿ ಒಂದನ್ನು ಅನುಮಾನಿಸಿ. ದಪ್ಪ ಕೇಬಲ್ ಒಂದರಲ್ಲೇ ಎಲ್ಲ ಪ್ಯಾಡ್‌ಗಳೂ ಬರುವ ಕಿಟ್ ಆದರೆ ಅದರ ಕನೆಕ್ಟರ್ ಪೂರ್ತಿ ಕೂತಿದೆಯೇ ಎಂದೂ ನೋಡಿ.

ಮಾಡ್ಯೂಲ್ ದೀಪವೇ ಹತ್ತುತ್ತಿಲ್ಲವೇ? ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಅಡಾಪ್ಟರ್‌ನ ತುದಿ ಅಳೆಯಿರಿ. ಕೆಂಪು ಕಡ್ಡಿ ತೂತಿನ ಒಳಗೆ, ಕಪ್ಪು ಕಡ್ಡಿ ಹೊರಮೈಗೆ. ಅಡಾಪ್ಟರ್ ಮೇಲೆ ಬರೆದ ವೋಲ್ಟೇಜಿಗೆ ಹತ್ತಿರದ ಅಂಕಿ ಬಂದರೆ ಒಳ್ಳೆಯದು. ಹಳೆಯ ಕಾಲದ ಭಾರದ ಅಡಾಪ್ಟರ್‌ಗಳು ಖಾಲಿ ಇದ್ದಾಗ 9ರ ಬದಲು 12-13 ವೋಲ್ಟ್ ತೋರಿಸಬಹುದು, ಅದು ದೋಷವಲ್ಲ. ಅಳೆಯುವಾಗ ವೈರನ್ನು ಕುತ್ತಿಗೆಯ ಬಳಿ ಆಚೀಚೆ ಬಾಗಿಸಿ ನೋಡಿ. ಅಂಕಿ ಬಂದು ಹೋಗಿ ಮಾಡಿದರೆ ಒಳಗೆ ತಂತಿ ಮುರಿದಿದೆ.

ಹೊಸ ಅಡಾಪ್ಟರ್ ತರುವಾಗ ಎಚ್ಚರ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪ್ಲಸ್ ಮೈನಸ್ ಯಾವ ಕಡೆ ಎಂಬುದೂ ಹೊಂದಬೇಕು. ರೋಲ್ಯಾಂಡ್ ಮಾಡ್ಯೂಲ್‌ಗಳಲ್ಲಿ ಹೆಚ್ಚಾಗಿ 9 ವೋಲ್ಟ್, ಮಧ್ಯದ ಪಿನ್ ಮೈನಸ್. ಯಮಹಾ ಡಿಟಿಎಕ್ಸ್402ನಂಥ ಕಿಟ್‌ಗಳಿಗೆ 12 ವೋಲ್ಟ್, ಮಧ್ಯದ ಪಿನ್ ಪ್ಲಸ್. ಒಂದರ ಅಡಾಪ್ಟರ್ ಇನ್ನೊಂದರ ತೂತಿಗೆ ಹೋಗುತ್ತದೆ ಎಂದ ಮಾತ್ರಕ್ಕೆ ಹಾಕಿದರೆ ಮಾಡ್ಯೂಲ್ ನಿಜಕ್ಕೂ ಸುಟ್ಟುಹೋಗಬಹುದು. ಮಾಡ್ಯೂಲ್ ಹಿಂಭಾಗದಲ್ಲಿ ಚಿಹ್ನೆ ಇರುತ್ತದೆ, ಅದನ್ನು ಓದಿಯೇ ಕೊಳ್ಳಿ.

ಅಡಾಪ್ಟರ್ ಕೆಟ್ಟಿದ್ದರೆ ಬದಲಿಸಿ, ಒಳಗೆ ಕೈ ಹಾಕಬೇಡಿ. ನಮ್ಮ 230 ವೋಲ್ಟ್ ಕರೆಂಟ್ ಅದರೊಳಗಿನ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಆಗಿ ಕೂತಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ.

ದೀಪ ಹತ್ತಿದೆ, ಪ್ಯಾಡ್ ಬಡಿದಾಗ ಪರದೆಯಲ್ಲಿ ಗುರುತೂ ಕಾಣುತ್ತಿದೆ, ಸದ್ದು ಮಾತ್ರ ಇಲ್ಲ ಎಂದಾದರೆ ಹೆಡ್‌ಫೋನ್ ಬದಲಿಸಿ ನೋಡಿ. ದಪ್ಪ ಪಿನ್ನಿನ ಪರಿವರ್ತಕ ಪೂರ್ತಿ ಒಳಗೆ ಹೋಗಿದೆಯೇ ಗಮನಿಸಿ. ಅದೂ ಸರಿ ಇದ್ದರೆ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಎಂಬುದನ್ನು ಹುಡುಕಿ. ಕಂಪ್ಯೂಟರ್ ಜೊತೆ ರೆಕಾರ್ಡಿಂಗ್ ಮಾಡುವವರು ಅದನ್ನು ಆಫ್ ಮಾಡಿರುತ್ತಾರೆ. ಆಫ್ ಆಗಿದ್ದರೆ ಪೆಟ್ಟು ಕಂಪ್ಯೂಟರಿಗೆ ಹೋಗುತ್ತದೆ, ಮಾಡ್ಯೂಲ್ ತಾನು ಮಾತಾಡುವುದಿಲ್ಲ. ಕೊನೆಗೆ ಫ್ಯಾಕ್ಟರಿ ರೀಸೆಟ್. ಮಾಡ್ಯೂಲ್ ಒಳಗೆ ನೀವೇ ಸದ್ದುಗಳನ್ನು ಹೊಂದಿಸಿ ಮಾಡಿಟ್ಟುಕೊಂಡ ಕಿಟ್‌ಗಳಿದ್ದರೆ ಮೊದಲು ಉಳಿಸಿಕೊಳ್ಳಿ.

ಒಂದು ಪ್ಯಾಡ್ ಮಾತ್ರ ಕೆಟ್ಟಿದ್ದರೆ: ಅದಲು ಬದಲು

ಇದು ಎಲ್ಲಕ್ಕಿಂತ ಉಪಯುಕ್ತ ಪರೀಕ್ಷೆ. ಯಾವ ಉಪಕರಣವೂ ಬೇಡ, ಐದು ನಿಮಿಷದಲ್ಲಿ ಮುಗಿಯುತ್ತದೆ.

ಟಾಮ್ 1 ಸದ್ದು ಮಾಡುತ್ತಿಲ್ಲ, ಟಾಮ್ 2 ಚೆನ್ನಾಗಿದೆ ಎಂದಿಟ್ಟುಕೊಳ್ಳಿ. ಟಾಮ್ 2ರ ಪ್ಯಾಡ್‌ನಿಂದ ಕೇಬಲ್ ಕಿತ್ತು ಟಾಮ್ 1ರ ಪ್ಯಾಡ್‌ಗೆ ಹಾಕಿ ಬಡಿಯಿರಿ. ಸದ್ದು ಬಂತೇ? ಪ್ಯಾಡ್ ಸರಿ ಇದೆ, ಅದರ ಹಳೆಯ ಕೇಬಲ್ ಅಥವಾ ಮಾಡ್ಯೂಲ್‌ನ ಆ ಜ್ಯಾಕ್ ಕೆಟ್ಟಿದೆ. ಸದ್ದು ಬರಲಿಲ್ಲವೇ? ಪ್ಯಾಡೇ ಕೆಟ್ಟಿದೆ. ಮೊದಲಿನ ಉತ್ತರ ಬಂದಿದ್ದರೆ ಈಗ ಟಾಮ್ 2ರ ಒಳ್ಳೆಯ ಕೇಬಲನ್ನು ಮಾಡ್ಯೂಲ್‌ನ ಟಾಮ್ 1 ಜ್ಯಾಕ್‌ಗೆ ಚುಚ್ಚಿ ಬಡಿಯಿರಿ. ಸದ್ದು ಬಂದರೆ ಕೇಬಲ್ ತಪ್ಪಿತಸ್ಥ, ಬರದಿದ್ದರೆ ಜ್ಯಾಕ್. ಪರೀಕ್ಷೆಗಾಗಿ ಸಿಂಬಲ್‌ನ ಕೇಬಲನ್ನು ಟಾಮ್‌ಗೆ ಹಾಕಿದರೂ ತೊಂದರೆಯಿಲ್ಲ. ಸದ್ದು ಸಿಂಬಲ್‌ನದ್ದು ಬರುತ್ತದೆ, ಅಷ್ಟೇ.

ಒಂದು ಹೊತ್ತಿಗೆ ಒಂದನ್ನೇ ಬದಲಿಸಿ. ಪ್ಯಾಡು, ಕೇಬಲು ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದೇ ಇಲ್ಲ.

ನಮ್ಮ ಆರ್ಕೆಸ್ಟ್ರಾಗಳಲ್ಲಿ ಬಳಸುವ ಆಕ್ಟೋಪ್ಯಾಡ್‌ಗೆ ಈ ಪರೀಕ್ಷೆ ಪೂರ್ತಿ ಅನ್ವಯಿಸದು. ಅದರ ಎಂಟು ಪ್ಯಾಡ್‌ಗಳೂ ಒಂದೇ ಪೆಟ್ಟಿಗೆಯಲ್ಲಿವೆ, ಮಧ್ಯೆ ಕೇಬಲ್ ಇಲ್ಲ. ಅಲ್ಲಿ ಸೆಟ್ಟಿಂಗ್ ನೋಡಿಯಾದ ಮೇಲೆ ನೇರವಾಗಿ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ.

ಯುಎಸ್‌ಬಿ ಇರುವ ಮಾಡ್ಯೂಲ್ ಆದರೆ ಇನ್ನೊಂದು ದಾರಿಯಿದೆ. ಕಂಪ್ಯೂಟರಿಗೆ ಜೋಡಿಸಿ, ಯಾವುದಾದರೂ ಉಚಿತ ಮಿಡಿ ಮಾನಿಟರ್ (ಮಾಡ್ಯೂಲ್ ಕಳಿಸುವ ಸಂದೇಶಗಳನ್ನು ತೋರಿಸುವ ಸಾಫ್ಟ್‌ವೇರ್) ತೆರೆಯಿರಿ. ಪ್ರತಿ ಪೆಟ್ಟಿಗೂ ಒಂದು ಸಾಲು ಬರುತ್ತದೆ, ಅದರಲ್ಲಿ ಆ ವಾದ್ಯದ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈ-ಹ್ಯಾಟ್‌ಗೆ 42, ತೆರೆದದ್ದಕ್ಕೆ 46, ಕ್ರ್ಯಾಶ್‌ಗೆ 49, ರೈಡ್‌ಗೆ 51. ಪಕ್ಕದಲ್ಲೇ ಪೆಟ್ಟಿನ ಬಲ 1ರಿಂದ 127ರೊಳಗೆ ಕಾಣುತ್ತದೆ. ಎಷ್ಟೇ ಜೋರಾಗಿ ಹೊಡೆದರೂ 40 ದಾಟುತ್ತಿಲ್ಲ ಎಂದರೆ ಪೀಜೋ ಅಥವಾ ಫೋಮ್ ಸೋತಿದೆ, ಇಲ್ಲವೇ ಸೆಟ್ಟಿಂಗ್ ತೀರಾ ಕೆಳಗಿದೆ. ಒಂದೇ ಪೆಟ್ಟಿಗೆ ಎರಡು ಸಾಲು ಬಂದರೆ ಡಬಲ್ ಟ್ರಿಗರ್. ಕಿವಿಗೆ ಸಿಗದ ಎಷ್ಟೋ ವಿಷಯ ಈ ಅಂಕಿಗಳಲ್ಲಿ ಸಿಗುತ್ತದೆ.

ಕೇಬಲ್

ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗೆ ಇಡಿ. ಒಂದು ತುದಿಯ ಪಿನ್ನಿನ ಮೂತಿಯಿಂದ ಇನ್ನೊಂದರ ಮೂತಿಗೆ, ಉಂಗುರದಿಂದ ಉಂಗುರಕ್ಕೆ, ಬುಡದಿಂದ ಬುಡಕ್ಕೆ ಬೀಪ್ ಬರಬೇಕು. ಮೂತಿಯಿಂದ ಬುಡಕ್ಕೆ, ಉಂಗುರದಿಂದ ಬುಡಕ್ಕೆ ಬರಬಾರದು. ಪ್ರತಿ ಸಲವೂ ಪ್ಲಗ್‌ನ ಕುತ್ತಿಗೆಯನ್ನು ಬಾಗಿಸುತ್ತಾ ನೋಡಿ, ಮುರಿಯುವುದು ಹೆಚ್ಚಾಗಿ ಅಲ್ಲೇ.

ಸ್ನೇರ್‌ನ ನಡು ಕೇಳುತ್ತದೆ, ರಿಮ್ (ಅಂಚಿನ ಬಳೆ) ಕೇಳುವುದಿಲ್ಲ ಎಂಬ ದೂರು ಬಂದಾಗ ಮೊದಲು ಕೇಬಲ್ ಯಾವುದು ಎಂದು ನೋಡಿ. ಮನೆಯಲ್ಲಿದ್ದ ಗಿಟಾರ್ ಕೇಬಲ್ ಹಾಕಿದ್ದರೆ ಅದಕ್ಕೆ ಉಂಗುರವೇ ಇಲ್ಲ. ಅಂಚಿನ ಸಂಪರ್ಕ ಅರ್ತ್‌ಗೆ ಸೇರಿಕೊಂಡಿರುತ್ತದೆ. ಪ್ಯಾಡ್ ಸರಿಯಾಗಿಯೇ ಇರುತ್ತದೆ.

ಬಿಡಿ ಕೇಬಲ್ ಕೆಟ್ಟರೆ ಹೊಸದು ಹಾಕಿ. ಆದರೆ ಹಲವು ಕಿಟ್‌ಗಳಲ್ಲಿ ಎಲ್ಲ ಪ್ಯಾಡ್‌ಗಳ ವೈರುಗಳೂ ಒಂದೇ ದಪ್ಪ ಕೇಬಲ್ ಆಗಿ, 25 ಪಿನ್ನಿನ ಡಿಬಿ-25 ಕನೆಕ್ಟರ್ ಮೂಲಕ ಮಾಡ್ಯೂಲ್‌ಗೆ ಹೋಗುತ್ತವೆ. ಅಲ್ಲಿ ಮೊದಲು ಕನೆಕ್ಟರ್ ತೆಗೆದು ಟಾರ್ಚ್ ಹಾಕಿ ನೋಡಿ. ಒಂದು ಪಿನ್ ಬಾಗಿದ್ದರೂ ಒಂದು ಪ್ಯಾಡ್ ಸಾಯುತ್ತದೆ. ಚಿಮಟದಿಂದ ನಿಧಾನಕ್ಕೆ ನೆಟ್ಟಗೆ ಮಾಡಿ. ಮತ್ತೆ ಹಾಕುವಾಗ ಎರಡೂ ಬದಿಯ ಸ್ಕ್ರೂ ಬಿಗಿಯಿರಿ.

ಪಿನ್‌ಗಳು ಸರಿ ಇದ್ದು ಒಂದು ಕವಲಿನ ಪ್ಲಗ್ ಮಾತ್ರ ಕೆಟ್ಟಿದ್ದರೆ, ಅದೊಂದನ್ನೇ ಬದಲಿಸಬಹುದು. ಹಳೆಯ ಪ್ಲಗ್‌ನಿಂದ ಮೂರು ಸೆಂಟಿಮೀಟರ್ ಹಿಂದಕ್ಕೆ ಕತ್ತರಿಸಿ. ಕತ್ತರಿಸಿದ ಪ್ಲಗ್‌ನ ಕಡೆ ಉಳಿದ ಚೋಟುದ್ದ ವೈರಿನ ತುದಿ ಸುಲಿದು, ಯಾವ ಬಣ್ಣ ಮೂತಿಗೆ, ಯಾವುದು ಉಂಗುರಕ್ಕೆ, ಯಾವುದು ಬುಡಕ್ಕೆ ಎಂದು ಬೀಪ್‌ನಿಂದ ಕಂಡುಕೊಂಡು ಬರೆದಿಡಿ. ಹೊಸ ಲೋಹದ ಸ್ಟೀರಿಯೊ ಪ್ಲಗ್‌ಗೆ ಅದೇ ಕ್ರಮದಲ್ಲಿ ಬೆಸುಗೆ ಹಾಕಿ. ಪ್ಲಗ್‌ನ ಮುಚ್ಚಳವನ್ನು ಬೆಸುಗೆಗೆ ಮೊದಲೇ ವೈರಿಗೆ ತೂರಿಸಿರಬೇಕು.

ಪ್ಯಾಡ್ ಬಿಚ್ಚುವುದು

ರಬ್ಬರ್ ಪ್ಯಾಡ್ ಆದರೆ ಬೋರಲು ಹಾಕಿ ಹಿಂದಿನ ಸ್ಕ್ರೂಗಳನ್ನು ತೆಗೆದರೆ ತಳ ಬಿಚ್ಚಿಕೊಳ್ಳುತ್ತದೆ. ಒಮ್ಮೆಲೇ ಎಳೆಯಬೇಡಿ, ಜ್ಯಾಕ್‌ಗೆ ಹೋಗುವ ವೈರುಗಳು ಗಿಡ್ಡ ಇರುತ್ತವೆ. ಮೆಶ್ ಪ್ಯಾಡ್ ಆದರೆ ಡ್ರಮ್ ಕೀಯಿಂದ ಸುತ್ತಲಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ರಿಮ್ ತೆಗೆದು, ಮೆಶ್ ಎತ್ತಿ. ಮಧ್ಯದಲ್ಲಿ ಫೋಮ್ ಕೋನ್ (ಶಂಕುವಿನಾಕಾರದ ಫೋಮ್ ತುಂಡು), ಅದರಡಿ ಪೀಜೋ ಕಾಣುತ್ತದೆ.

ಈಗ ಕಣ್ಣಿಗೆ ಕೆಲಸ. ಪೀಜೋದಿಂದ ಹೊರಡುವ ಎರಡು ಸಣ್ಣ ವೈರುಗಳನ್ನು ಹತ್ತಿರದಿಂದ ನೋಡಿ. ಅವುಗಳಲ್ಲಿ ಒಂದರ ಕೂದಲಿನಷ್ಟೇ ದಪ್ಪದ ಎಳೆಗಳು ಸೆರಾಮಿಕ್ ಮೇಲಿನ ಒಂದು ಸಾಸಿವೆ ಗಾತ್ರದ ಸೋಲ್ಡರ್ ಹನಿಗೆ ಸೇರಿರುತ್ತವೆ. ಇಡೀ ಪ್ಯಾಡ್‌ನಲ್ಲಿ ಇದಕ್ಕಿಂತ ದುರ್ಬಲ ಜಾಗ ಇಲ್ಲ. ಸಾವಿರಾರು ಪೆಟ್ಟಿನ ಅದುರುವಿಕೆಗೆ ಎಳೆಗಳು ಒಂದೊಂದೇ ತುಂಡಾಗುತ್ತಾ ಬರುತ್ತವೆ. ಕೊನೆಯ ಎಳೆ ಇರುವವರೆಗೂ ಪ್ಯಾಡ್ ಒಮ್ಮೆ ಕೇಳುತ್ತದೆ, ಒಮ್ಮೆ ಇಲ್ಲ. ಹೊರಗಿನಿಂದ ಅಂಟಿಕೊಂಡಂತೆಯೇ ಕಾಣುವುದರಿಂದ ಮರದ ಹಲ್ಲುಕಡ್ಡಿಯಿಂದ ವೈರನ್ನು ಮೆಲ್ಲಗೆ ತಳ್ಳಿ ನೋಡಿ. ಜ್ಯಾಕ್‌ನ ಕಡೆಯ ಬೆಸುಗೆಯನ್ನೂ ಹೀಗೆಯೇ ನೋಡಿ. ವೈರ್ ಮಾತ್ರ ಬಿಟ್ಟಿದ್ದರೆ ಮತ್ತೆ ಬೆಸೆದರೆ ಮುಗಿಯಿತು.

ವೈರ್ ಗಟ್ಟಿಯಾಗಿದ್ದರೆ ಪೀಜೋ ಪರೀಕ್ಷಿಸಿ. ಮೀಟರನ್ನು ಎಸಿ ವೋಲ್ಟ್‌ನ ಅತಿ ಸಣ್ಣ ರೇಂಜಿಗೆ ಇಟ್ಟು, ಕಡ್ಡಿಗಳನ್ನು ಎರಡು ವೈರಿಗೆ ಹಿಡಿದು, ಬಿಲ್ಲೆಯನ್ನು ಬೆರಳಿಂದ ತಟ್ಟಿ. ಅಂಕಿ ಕುಣಿದರೆ ಜೀವ ಇದೆ. ಓಮ್‌ನಲ್ಲಿ ಅಳೆದರೆ ಒಳ್ಳೆಯ ಬಿಲ್ಲೆ ತೆರೆದ ಸರ್ಕ್ಯೂಟ್‌ನಂತೆ ತೋರಬೇಕು, ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಆಗಿದೆ. ಕೆಪಾಸಿಟೆನ್ಸ್ ಅಳೆಯುವ ಮೀಟರ್ ಇದ್ದರೆ 27 ಮಿಲಿಮೀಟರ್ ಬಿಲ್ಲೆ ಸುಮಾರು 20 ನ್ಯಾನೊಫ್ಯಾರಡ್ ಆಸುಪಾಸು ತೋರಿಸುತ್ತದೆ. ತೀರಾ ಕಮ್ಮಿ ಬಂದರೆ ಸೆರಾಮಿಕ್ ಸೀಳಿದೆ ಎಂದರ್ಥ. ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯ ಬಿರುಕು ಕಾಣಲೂಬಹುದು. ಸೀಳಿದ ಪೀಜೋ ಸಾಮಾನ್ಯವಾಗಿ ಪೂರ್ತಿ ಸಾಯುವುದಿಲ್ಲ, ಮಂಕಾಗುತ್ತದೆ. ಅದನ್ನು ಸರಿಮಾಡಲು ಆಗದು, ಬದಲಿಸಬೇಕು.

ಪೀಜೋ ಬದಲಿಸುವ ಕ್ರಮ

1. ಹಳೆಯ ಬಿಲ್ಲೆಯ ಅಗಲ ಅಳೆದು ಅದೇ ಅಳತೆಯದ್ದನ್ನು ತೆಗೆದುಕೊಳ್ಳಿ. 27ರ ಜಾಗಕ್ಕೆ 35 ಹಾಕಿದರೆ ಅದೊಂದು ಪ್ಯಾಡ್ ಮಾತ್ರ ಬೇರೆ ರೀತಿ ವರ್ತಿಸುತ್ತದೆ.

2. ಹಳೆಯ ಬಿಲ್ಲೆಯನ್ನು ತೆಳ್ಳಗಿನ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಎಬ್ಬಿಸಿ. ಉಳಿದ ಅಂಟನ್ನು ಐಸೊಪ್ರೊಪೈಲ್‌ನಿಂದ ಉಜ್ಜಿ ತೆಗೆಯಿರಿ. ಜಾಗ ಒಣಗಲಿ.

3. ವೈರ್ ಹಚ್ಚಿದ ಬಿಲ್ಲೆ ತಂದಿದ್ದರೆ ಬಿಲ್ಲೆಗೆ ಐರನ್ ತಾಗಿಸುವುದೇ ಬೇಡ. ಅದರ ವೈರನ್ನು ಪ್ಯಾಡ್‌ನ ವೈರಿಗೆ ಬೆಸೆದು, ಮೇಲೆ ಹೀಟ್ ಶ್ರಿಂಕ್ ಎಳೆಯಿರಿ. ಟ್ಯೂಬನ್ನು ಬೆಸೆಯುವ ಮೊದಲೇ ತೂರಿಸಿ. ನಡುವಿನ ಸೆರಾಮಿಕ್‌ಗೆ ಕೆಂಪು, ಹಿತ್ತಾಳೆಗೆ ಕಪ್ಪು. ತಿರುಗಿಸಿ ಹಾಕಿದರೂ ಸದ್ದು ಬರಬಹುದು, ಆದರೆ ಕೆಲವು ಮಾಡ್ಯೂಲ್‌ಗಳಲ್ಲಿ ಪೆಟ್ಟಿನ ಅಳತೆ ಕೆಡುತ್ತದೆ.

4. ಬರಿಯ ಬಿಲ್ಲೆಗೇ ಬೆಸೆಯಬೇಕಾಗಿ ಬಂದರೆ ಕೈ ಚುರುಕಾಗಿರಬೇಕು. ಹಿತ್ತಾಳೆಯ ಅಂಚನ್ನು ನಯವಾದ ಎಮೆರಿ ಕಾಗದದಿಂದ ಚೂರು ಉಜ್ಜಿ, ಫ್ಲಕ್ಸ್ ಹಚ್ಚಿ, ಮೊದಲು ಸೋಲ್ಡರ್ ಹಿಡಿಸಿ. ವೈರಿನ ತುದಿಗೂ ಸೋಲ್ಡರ್ ಹಿಡಿಸಿ. ಆಮೇಲೆ ಎರಡನ್ನೂ ಕೂಡಿಸಿ ಐರನ್ ತಾಗಿಸಿ. ಬೆಳ್ಳಿಯ ಲೇಪವನ್ನು ಉಜ್ಜಬೇಡಿ, ಎದ್ದುಹೋಗುತ್ತದೆ. ಅಲ್ಲಿ ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು. ಕಾವು ಹೆಚ್ಚಾದರೆ ಲೇಪ ಸುಲಿಯುತ್ತದೆ, ಸೆರಾಮಿಕ್ ತನ್ನ ಗುಣವನ್ನೇ ಕಳೆದುಕೊಳ್ಳುತ್ತದೆ. ಒಮ್ಮೆಗೆ ಹಿಡಿಯದಿದ್ದರೆ ಬಿಟ್ಟು, ಆರಲು ಬಿಟ್ಟು, ಮತ್ತೆ ಪ್ರಯತ್ನಿಸಿ.

5. ಅಂಟಿಸುವ ಮೊದಲೇ ಕೇಬಲ್ ಚುಚ್ಚಿ, ಬಿಲ್ಲೆಯನ್ನು ಬೆರಳಿಂದ ತಟ್ಟಿ ಸದ್ದು ಬರುತ್ತದೆಯೇ ನೋಡಿ.

6. ಮೊದಲು ಹೇಗೆ ಅಂಟಿಸಿದ್ದರೋ ಹಾಗೆಯೇ ಅಂಟಿಸಿ. ತೆಳು ಟೇಪ್ ಇದ್ದ ಕಡೆ ದಪ್ಪ ಫೋಮ್ ಹಾಕಿದರೆ ಪೆಟ್ಟಿನ ಬಲ ಫೋಮ್‌ನಲ್ಲೇ ಕರಗುತ್ತದೆ. ಸೋಲ್ಡರ್ ಹನಿ ಟೇಪ್‌ನ ಅಡಿ ಸಿಕ್ಕಿ ಬಿಲ್ಲೆ ಓರೆಯಾಗಬಾರದು. ವೈರಿಗೆ ಸ್ವಲ್ಪ ಸಡಿಲು ಬಿಟ್ಟು, ಬಿಲ್ಲೆಯಿಂದ ಒಂದೆರಡು ಸೆಂಟಿಮೀಟರ್ ಆಚೆ ಹಾಟ್ ಗ್ಲೂ ಹನಿ ಹಾಕಿ ಹಿಡಿದಿಡಿ. ಎಳೆತ ಬೆಸುಗೆಗೆ ತಾಗದಂತೆ ಅದು ಕಾಯುತ್ತದೆ. ಬಿಲ್ಲೆಯ ಮೇಲೆಲ್ಲ ಗ್ಲೂ ಸುರಿಯಬೇಡಿ, ಅದು ಬಾಗಲಾರದೆ ಹೋಗುತ್ತದೆ.

ಈ ಕೆಲಸಕ್ಕೆ ಕಿಟಕಿ ತೆರೆದ ಕೋಣೆಯೇ ಆಗಬೇಕು. 60/40 ಸೋಲ್ಡರ್‌ನಲ್ಲಿ ಸೀಸ ಇದೆ. ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ, ಬಿದ್ದ ಚೂರುಗಳನ್ನು ಗುಡಿಸಿ ತೆಗೆಯಿರಿ. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ಉದಾಸೀನ ಬೇಡವೇ ಬೇಡ.

ಕೋನ್ ಮತ್ತು ಮೆಶ್

ಮೆಶ್ ಪ್ಯಾಡ್ ದಿನೇ ದಿನೇ ಮಂಕಾಗುತ್ತಿದೆ, ಜೋರಾಗಿ ಹೊಡೆದರೆ ಮಾತ್ರ ಕೇಳುತ್ತದೆ ಎಂದಾದರೆ ಪೀಜೋಗಿಂತ ಮೊದಲು ಕೋನ್ ನೋಡಿ. ಬೆರಳಿಂದ ಒತ್ತಿ ಬಿಟ್ಟಾಗ ತಟ್ಟನೆ ಮೇಲೇಳಬೇಕು. ಮೂತಿ ಚಪ್ಪಟೆಯಾಗಿದ್ದರೆ, ಪುಡಿ ಉದುರುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ಮೆಶ್ ಇಲ್ಲದಿದ್ದಾಗ ಕೋನ್‌ನ ಮೂತಿ ಶೆಲ್‌ನ ಅಂಚಿಗಿಂತ 2-3 ಮಿಲಿಮೀಟರ್ ಮೇಲೆ ನಿಲ್ಲುವಂತಿರಬೇಕು. ಅಳತೆಗೋಲನ್ನು ಅಂಚಿನಿಂದ ಅಂಚಿಗೆ ಅಡ್ಡ ಇಟ್ಟು ನೋಡಿದರೆ ಗೊತ್ತಾಗುತ್ತದೆ. ತಗ್ಗಾಗಿದ್ದರೆ ಮೆಶ್ ಅದನ್ನು ಮುಟ್ಟುವುದೇ ಇಲ್ಲ. ತೀರಾ ಎತ್ತರವಾದರೆ ಸರಿಯಾಗಿ ನಡುವೆ ಬಿದ್ದ ಪೆಟ್ಟು ಮಾತ್ರ ಅತಿ ಜೋರಾಗಿ ಕೇಳಿ, ಬದಿಯ ಪೆಟ್ಟು ಸಣ್ಣದಾಗುತ್ತದೆ.

ಹೊಸ ಕೋನ್ ಸಿಗದಿದ್ದರೆ ಪರದಾಡಬೇಡಿ. ಹಳೆಯದು ಒಂದೆರಡು ಮಿಲಿಮೀಟರ್ ಮಾತ್ರ ತಗ್ಗಿದ್ದರೆ ಪೀಜೋ ಕೂತಿರುವ ತಗಡಿನ ಬುಡಕ್ಕೆ ವಾಷರ್ ಕೊಟ್ಟು ಎತ್ತರಿಸಬಹುದು. ಹೊಸ ಕೋನ್ ಬಂದ ಮೇಲೆ ವಾಷರ್ ತೆಗೆಯಲು ಮರೆಯಬೇಡಿ.

ಮೆಶ್ ವಾಪಸ್ ಹಾಕುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ತಿರುಗುವಷ್ಟು ತಿರುಗಿಸಿ. ಆಮೇಲೆ ಕಾರಿನ ಚಕ್ರದ ನಟ್ಟು ಬಿಗಿಯುವ ಹಾಗೆ ಎದುರುಬದುರು ಬೋಲ್ಟುಗಳಿಗೆ ಅರ್ಧ ಅರ್ಧ ಸುತ್ತು ಕೊಡುತ್ತಾ ಹೋಗಿ. ಒಂದೇ ಕಡೆ ಬಿಗಿದರೆ ಮೆಶ್ ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ. ಹರಿದ ಮೆಶ್‌ಗೆ ತೇಪೆ ಹಾಕುವುದು ವ್ಯರ್ಥ. ಪ್ಯಾಡ್‌ನ ಅಳತೆ ಇಂಚಿನಲ್ಲಿ ಹೇಳಿ ಹೊಸದು ತರಿಸಿ. ಎರಡು ಪದರದ ಮೆಶ್ ಸಿಕ್ಕರೆ ಅದನ್ನೇ ಕೊಳ್ಳಿ, ಬಾಳಿಕೆ ಜಾಸ್ತಿ.

ಸಿಂಬಲ್

ಸಿಂಬಲ್‌ಗಳಲ್ಲಿ ಮೇಲ್ಮೈ ಕೇಳುತ್ತದೆ, ಅಂಚು ಕೇಳುವುದಿಲ್ಲ, ಕೈಯಿಂದ ಹಿಡಿದರೂ ಸದ್ದು ನಿಲ್ಲುವುದಿಲ್ಲ ಎಂಬ ದೂರೇ ಹೆಚ್ಚು. ಅಂಚಿನ ಸ್ವಿಚ್ ಕೆಟ್ಟಾಗ ಎರಡೂ ಒಟ್ಟಿಗೆ ಹೋಗುತ್ತವೆ. ಸ್ಟೀರಿಯೊ ಕೇಬಲನ್ನು ಸಿಂಬಲ್‌ಗೆ ಮಾತ್ರ ಚುಚ್ಚಿ, ಇನ್ನೊಂದು ತುದಿಯಲ್ಲಿ ಉಂಗುರ ಮತ್ತು ಬುಡಕ್ಕೆ ಮೀಟರ್ ಹಿಡಿದು, ಅಂಚನ್ನು ಬೆರಳುಗಳಿಂದ ಹಿಸುಕಿ. ಓಮ್ ಅಂಕಿ ಥಟ್ಟನೆ ಇಳಿಯಬೇಕು. ಯಾವ ಜಾಗದಲ್ಲೂ ಇಳಿಯದಿದ್ದರೆ ಒಳಗೆ ವೈರ್ ಬಿಟ್ಟಿದೆ. ಹಿಸುಕದೆಯೇ ಇಳಿದಿದ್ದರೆ ಸ್ವಿಚ್ ಅಂಟಿಕೊಂಡಿದೆ. ಆಗ ಸದ್ದು ಬಂದ ತಕ್ಷಣ ಕತ್ತರಿಸಿದಂತೆ ನಿಲ್ಲುತ್ತದೆ.

ಬಿಚ್ಚುವ ಮೊದಲು ಇನ್ನೊಂದು ನೋಡಿ. ಕಡಿಮೆ ಬೆಲೆಯ ಸಿಂಬಲ್‌ಗಳಲ್ಲಿ ಅಂಚಿನ ಸ್ವಿಚ್ ಪೂರ್ತಿ ಸುತ್ತ ಇರುವುದಿಲ್ಲ, ಬಾರಿಸುವವರ ಕಡೆಗಷ್ಟೇ ಇರುತ್ತದೆ. ತಿರುಗದಂತೆ ತಡೆಯುವ ರಬ್ಬರ್ ತುಂಡು ಕಳೆದುಹೋಗಿದ್ದರೆ ಸಿಂಬಲ್ ತಿರುಗಿ ಸ್ವಿಚ್ ಆ ಕಡೆ ಹೋಗಿಬಿಡುತ್ತದೆ. ಸುತ್ತಿ ಸುತ್ತಿ ಕೇಬಲನ್ನೂ ತಿರುಚುತ್ತದೆ. ಆ ತುಂಡನ್ನು ಹಾಕಿದರೆ ಎರಡೂ ತೊಂದರೆ ತಪ್ಪುತ್ತದೆ.

ಅಂಟಿಸಿ ಮುಚ್ಚಿದ ಸಿಂಬಲ್ ಬಿಚ್ಚುವುದನ್ನು ನಾನು ಸಲಹೆ ಮಾಡುವುದಿಲ್ಲ. ರಬ್ಬರ್ ಒಮ್ಮೆ ಎದ್ದರೆ ಮೊದಲಿನಂತೆ ಕೂರುವುದು ಕಷ್ಟ. ಜ್ಯಾಕ್ ಇರುವ ಸಣ್ಣ ಡಬ್ಬಿಯನ್ನು ಮಾತ್ರ ಸ್ಕ್ರೂ ತೆಗೆದು ನೋಡಿ, ಬೆಸುಗೆ ಬಿಟ್ಟಿದ್ದರೆ ಅಲ್ಲೇ ಸಿಗುತ್ತದೆ.

ಹೈ-ಹ್ಯಾಟ್ ಪೆಡಲ್, ಕಿಕ್

ಹೈ-ಹ್ಯಾಟ್ ಸದಾ ತೆರೆದೇ ಕೇಳುವುದು, ಅಥವಾ ಮುಚ್ಚಿಯೇ ಇರುವುದು ಹೆಚ್ಚಾಗಿ ಪೆಡಲ್‌ನ ದೋಷ. ಮಾಡ್ಯೂಲ್‌ನಿಂದ ಕೇಬಲ್ ಕಿತ್ತು, ಪೆಡಲ್‌ನ ಜ್ಯಾಕ್‌ಗೆ ಚುಚ್ಚಿದ ಕೇಬಲ್‌ನ ಇನ್ನೊಂದು ತುದಿಯಲ್ಲಿ ಓಮ್ ಅಳೆಯುತ್ತಾ ಪೆಡಲ್ ಒತ್ತಿ. ಮೂತಿ, ಉಂಗುರ, ಬುಡ ಇವುಗಳಲ್ಲಿ ಯಾವ ಜೋಡಿ ಬದಲಾಗುತ್ತದೆ ಎಂದು ಹುಡುಕಿ. ತೆರೆದ, ಅರೆ ತೆರೆದ, ಮುಚ್ಚಿದ ಎಲ್ಲ ಸದ್ದೂ ಕೊಡುವ ಪೆಡಲ್‌ನಲ್ಲಿ ಅಂಕಿ ನಯವಾಗಿ ಜಾರಬೇಕು. ಅಲ್ಲಲ್ಲಿ ಹಾರಿದರೆ ಒಳಗಿನ ಕರಿ ರಬ್ಬರ್ ಮತ್ತು ಅದರ ಕೆಳಗಿನ ಹಾಳೆಯ ಮೇಲೆ ಕೊಳೆ ಕೂತಿದೆ. ಪೆಡಲ್‌ನ ತಳ ಬಿಚ್ಚಿ, ಐಸೊಪ್ರೊಪೈಲ್ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಕೆರೆಯಬೇಡಿ, ಕರಿ ಲೇಪವೇ ಸೆನ್ಸರ್. ಬೆಲೆ ಕಮ್ಮಿ ಇರುವ ಕೆಲವು ಪೆಡಲ್‌ಗಳಲ್ಲಿ ಬರಿ ಸ್ವಿಚ್ ಇರುತ್ತದೆ. ಅಲ್ಲಿ ಅಂಕಿ ಇಳಿಯುತ್ತದೆ ಅಥವಾ ಇಲ್ಲ, ಎರಡೇ.

ಕೆಲವು ಮಾಡ್ಯೂಲ್‌ಗಳು ಆನ್ ಆಗುವಾಗ ಪೆಡಲ್‌ನ ಸ್ಥಿತಿ ಓದಿಕೊಳ್ಳುತ್ತವೆ. ಆ ಹೊತ್ತಿಗೆ ಪೆಡಲ್ ಮೇಲೆ ಕಾಲಿಟ್ಟಿದ್ದರೆ ಆಮೇಲೆ ಎಲ್ಲವೂ ತಪ್ಪು. ಕಾಲು ತೆಗೆದು ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತದೆಯೇ ನೋಡಿ.

ಕಿಕ್ ಪ್ಯಾಡ್‌ನಲ್ಲಿ ಬೀಟರ್ (ಪೆಡಲ್ ಒತ್ತಿದಾಗ ಬಡಿಯುವ ಸುತ್ತಿಗೆ) ಒಂದೇ ಜಾಗಕ್ಕೆ ಬಡಿದು ಫೋಮ್ ಗುಂಡಿ ಬೀಳುತ್ತದೆ. ಪೀಜೋ ಬದಲಿಸುವ ಕ್ರಮ ಮೇಲಿನದ್ದೇ. ಬೀಟರ್ ಸರಿಯಾಗಿ ನಡುವಿಗೆ ಬೀಳುವಂತೆ ಎತ್ತರ ಹೊಂದಿಸಿ, ಮೆಶ್ ಆದರೆ ಹೊಡೆಯುವ ಜಾಗಕ್ಕೆ ಒಂದು ಪ್ಯಾಚ್ ಅಂಟಿಸಿ.

ರಿಪೇರಿ ಆದ ಮೇಲೆ ಸೆಟ್ಟಿಂಗ್

ಹೊಸ ಪೀಜೋ ಹಾಕಿದ ಮೇಲೆ ಪ್ಯಾಡ್ ಮೊದಲಿನಂತೆಯೇ ಇರುವುದಿಲ್ಲ. ಮೆನುವಿನಲ್ಲಿ ಅದನ್ನು ಹೊಂದಿಸಬೇಕು. ಮೊದಲು ಸೆನ್ಸಿಟಿವಿಟಿ. ನೀವು ಬಾರಿಸುವ ಅತಿ ಜೋರಿನ ಪೆಟ್ಟಿಗೆ ಮಾತ್ರ 127 ಬರುವಂತೆ ಇಡಿ. ಸಾಧಾರಣ ಪೆಟ್ಟಿಗೇ 127 ಬಂದರೆ ಬಾರಿಸುವುದರಲ್ಲಿ ಏರಿಳಿತವೇ ಉಳಿಯುವುದಿಲ್ಲ. ಆಮೇಲೆ ಥ್ರೆಶೋಲ್ಡ್. ಅತಿ ಮೆಲ್ಲನೆಯ ಪೆಟ್ಟೂ ಕೇಳಬೇಕು, ರ‍್ಯಾಕ್ (ಪ್ಯಾಡ್‌ಗಳನ್ನು ಹೊತ್ತ ಸ್ಟ್ಯಾಂಡ್) ಮುಟ್ಟಿದರೆ ಕೇಳಬಾರದು, ಅಷ್ಟು ಮಟ್ಟಕ್ಕೆ ತನ್ನಿ.

ಒಂದು ಪೆಟ್ಟಿಗೆ ಎರಡು ಸದ್ದು ಬಂದರೆ ಮೆಶ್ ತೀರಾ ಸಡಿಲವಾಗಿದೆಯೇ ನೋಡಿ. ಅದನ್ನು ಬಿಗಿದ ಮೇಲೂ ಹೋಗದಿದ್ದರೆ ರೀಟ್ರಿಗರ್ ಕ್ಯಾನ್ಸಲ್ ಅಥವಾ ಮಾಸ್ಕ್ ಟೈಮ್ ಒಂದೊಂದೇ ಹೆಜ್ಜೆ ಏರಿಸಿ. ಜಾಸ್ತಿ ಏರಿಸಿದರೆ ವೇಗದ ರೋಲ್‌ಗಳಲ್ಲಿ ಪೆಟ್ಟುಗಳು ನುಂಗಿಹೋಗುತ್ತವೆ.

ಟಾಮ್ ಹೊಡೆದರೆ ಕ್ರ್ಯಾಶ್ ಕೇಳುವುದು ಕ್ರಾಸ್‌ಟಾಕ್. ಇಲ್ಲಿ ಮೆನುವಿಗಿಂತ ಮೊದಲು ಸ್ಕ್ರೂಗಳನ್ನು ನೋಡಿ. ಕ್ಲ್ಯಾಂಪ್ ಸಡಿಲವಿದ್ದರೆ, ಎರಡು ಪ್ಯಾಡ್ ಒಂದಕ್ಕೊಂದು ತಾಗುತ್ತಿದ್ದರೆ, ರ‍್ಯಾಕ್ ಕಾಲು ಅಲುಗಾಡುತ್ತಿದ್ದರೆ ಅದುರುವಿಕೆ ಹರಿಯುತ್ತದೆ. ಎಲ್ಲ ಬಿಗಿದು, ಕ್ಲ್ಯಾಂಪ್‌ನಡಿ ಒಂದು ರಬ್ಬರ್ ಪಟ್ಟಿ ಕೊಟ್ಟು, ಆಮೇಲೂ ಉಳಿದದ್ದಕ್ಕೆ ಮಾತ್ರ ಕ್ರಾಸ್‌ಟಾಕ್ ಸೆಟ್ಟಿಂಗ್ ಏರಿಸಿ.

ಮಾಡ್ಯೂಲ್ ಬಿಚ್ಚುವುದಾದರೆ

ಪರೀಕ್ಷೆಗಳೆಲ್ಲ ಮಾಡ್ಯೂಲ್‌ನ ಜ್ಯಾಕ್ ಕಡೆಗೇ ಬೆರಳು ತೋರಿಸಿದರೆ ಮಾತ್ರ ಅದನ್ನು ಬಿಚ್ಚಿ. ಅಡಾಪ್ಟರ್ ತೆಗೆದು, ಒಂದು ಲೋಹದ ವಸ್ತು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ಸ್ಕ್ರೂ ತೆಗೆಯಿರಿ. ಚಪ್ಪಟೆ ರಿಬ್ಬನ್ ಕೇಬಲ್‌ಗಳನ್ನು ಎಳೆಯಬೇಡಿ. ಅವುಗಳ ಕನೆಕ್ಟರ್‌ಗೆ ಚಿಕ್ಕ ಲಾಕ್ ಇರುತ್ತದೆ, ಅದನ್ನು ಎತ್ತಿದರೆ ತಾನಾಗಿ ಬರುತ್ತವೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಜ್ಯಾಕ್‌ನ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಇದ್ದರೆ ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿ ಸೇರಿಸುವುದು. ಕರಕರ ಎನ್ನುವ ವಾಲ್ಯೂಮ್ ಗುಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸುವುದು. ಒತ್ತಿದರೂ ಕೇಳದ ಬಟನ್‌ನ ಪುಟ್ಟ ಸ್ವಿಚ್ ಬದಲಿಸುವುದು. ಮುಖ್ಯ ಚಿಪ್ ಅಥವಾ ಪರದೆಯ ತೊಂದರೆಯಾದರೆ ಅಲ್ಲಿಗೆ ನಿಲ್ಲಿಸಿ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಕೊಡಿ. ಮಾಡಿದ ಪರೀಕ್ಷೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಸಮಯವೂ ನಿಮ್ಮ ದುಡ್ಡೂ ಉಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಮುಖ್ಯ. ಉಪ್ಪು ಮಿಶ್ರಿತ ತೇವಕ್ಕೆ ಜ್ಯಾಕ್‌ಗಳ ಲೋಹ ಕಪ್ಪಾಗುತ್ತದೆ, ಸದ್ದು ಬಂದು ಹೋಗುತ್ತದೆ. ಜೂನ್‌ಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಎಲ್ಲ ಪ್ಲಗ್‌ಗಳನ್ನೂ ಕಿತ್ತು, ಐಸೊಪ್ರೊಪೈಲ್‌ನಲ್ಲಿ ಒರೆಸಿ, ಪ್ರತಿ ಜ್ಯಾಕ್‌ಗೂ ನಾಲ್ಕಾರು ಸಲ ಚುಚ್ಚಿ ತೆಗೆಯಿರಿ. ಉಜ್ಜುವಿಕೆಗೇ ಅರ್ಧ ಕಿಲುಬು ಹೋಗುತ್ತದೆ. ಬಹಳ ದಿನ ಬಾರಿಸದೆ ಇಡುವುದಾದರೆ ಮಾಡ್ಯೂಲನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ.

ರಬ್ಬರ್ ಪ್ಯಾಡ್ ಒರೆಸಲು ಪೆಟ್ರೋಲ್, ಥಿನ್ನರ್ ಬೇಡ, ಒದ್ದೆ ಬಟ್ಟೆ ಸಾಕು. ಹಳ್ಳಿ ಮನೆಗಳಲ್ಲಿ, ಅಟ್ಟದಲ್ಲಿ ಇಡುವವರು ಇಲಿಗಳ ಬಗ್ಗೆ ಎಚ್ಚರವಿರಲಿ. ಕೇಬಲ್‌ಗಳನ್ನು ರ‍್ಯಾಕ್‌ನಿಂದ ಬಿಚ್ಚಿ ತಗಡಿನ ಡಬ್ಬಿಗೆ ಹಾಕಿಡಿ. ಕಾರ್ಯಕ್ರಮಗಳಿಗೆ ಕಿಟ್ ಹೊತ್ತೊಯ್ಯುವವರ ಚೀಲದಲ್ಲಿ ಒಂದು ಸ್ಟೀರಿಯೊ ಕೇಬಲ್, ಸರಿಯಾದ ಇನ್ನೊಂದು ಅಡಾಪ್ಟರ್, ಡ್ರಮ್ ಕೀ ಯಾವಾಗಲೂ ಇರಲಿ. ವೇದಿಕೆಯ ಮೇಲೆ ಬೆಸುಗೆ ಹಾಕಲು ಸಮಯ ಇರುವುದಿಲ್ಲ, ಕೇಬಲ್ ಬದಲಿಸಲು ಎರಡು ಹಾಡುಗಳ ನಡುವಿನ ಬಿಡುವು ಸಾಕು.